ಅಪ್ಪನ ಬಾವಿ ನೀರಿನ ಕಾಫಿ

ಉಮರ್ಗಾದಲ್ಲಿ ನಾವು ಕಾಫಿ ಅಂಗಡಿ ತೆರೆದ ಹೊಸತರಲ್ಲಿ ಒಳಗೆ ಇಣುಕಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಿದ್ದರು. "ಮನ್ಯಾಗ ಯಾರಿಗಿ ಆರಾಮಿಲ್ರೀ?" ನಮ್ಮ ಕಡೆ ಕಾಫಿ ಎಂದರೆ ಔಷಧ. ಹೊಟ್ಟೆ ಕೆಟ್ಟರೆ ನಿಂಬೆಹಣ್ಣು ಹಿಂಡಿದ ಕರಿ ಕಾಫಿ, ನೆಗಡಿಯಾದರೆ ಜಾಜಿಕಾಯಿ ತೇಯ್ದ ಹಾಲು ಕಾಫಿ. ಆರಾಮಿದ್ದವರು ಕುಡಿಯುವುದು ಚಹಾ. ಅಂಥ ಊರಿನಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕ, ಹೈದರಾಬಾದಿನ ದೊಡ್ಡ ರಸ್ತೆಗೆ ಮುಖ ಮಾಡಿ ಫಿಲ್ಟರ್ ಕಾಫಿ ಮಾರಲು ಕೂತವಳು ನಾನು. ಈಗ ನೆನೆಸಿಕೊಂಡರೆ ನನ್ನ ಧೈರ್ಯಕ್ಕೆ ನನಗೇ ನಗು ಬರುತ್ತದೆ. ಆಗ ಮಾತ್ರ ಯಾರಾದರೂ ನಕ್ಕರೆ ಸಿಟ್ಟು ಬರುತ್ತಿತ್ತು.

ಕಾಫಿಯ ಹುಚ್ಚು ಹತ್ತಿದ್ದು ಉದಗೀರದಲ್ಲಿ, ಕಾಲೇಜಿನ ದಿನಗಳಲ್ಲಿ. ನಮ್ಮ ಹಾಸ್ಟೆಲಿನ ಮೇಡಂ ಹಾಸನದ ಕಡೆಯವರು. ಭಾನುವಾರ ಬೆಳಿಗ್ಗೆ ಅವರ ಕೋಣೆಯಿಂದ ಬರುತ್ತಿದ್ದ ವಾಸನೆಗೆ ನಾನು ಹಾಸಿಗೆ ಬಿಟ್ಟು ಎದ್ದು, ಏನೋ ನೆಪ ಹುಡುಕಿಕೊಂಡು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೆಪ ಅವರಿಗೆ ಗೊತ್ತಾಗುತ್ತಿತ್ತು. "ಬಾರೇ ಒಳಗೆ, ಫಿಲ್ಟರ್ ಹೆಂಗೆ ಹಾಕೋದು ನೋಡ್ಕೋ" ಎನ್ನುತ್ತಿದ್ದರು. ಪುಡಿಯನ್ನು ಒತ್ತಿ ಕೂರಿಸಬೇಡ, ಮೇಲೆ ಸುಮ್ಮನೆ ಸಮ ಮಾಡು. ನೀರು ಕುದಿದ ಮೇಲೆ ಒಂದು ಗಳಿಗೆ ಬಿಡು, ಅದರ ಆರ್ಭಟ ಇಳಿಯಲಿ. ಮೊದಲು ಪುಡಿ ನೆನೆಯುವಷ್ಟು ಹಾಕು, ಅದು ಉಬ್ಬಲಿ, ಆಮೇಲೆ ಅಂಚಿನಿಂದ ಸುತ್ತಿ ಸುರಿ. ಇಳಿಯಲಿಲ್ಲವೆಂದು ಫಿಲ್ಟರನ್ನು ತಟ್ಟಬೇಡ, ಅಲ್ಲಾಡಿಸಬೇಡ, ಇಣುಕಬೇಡ. ಆ ಕೋಣೆಯಲ್ಲಿ ಸುಮ್ಮನೆ ಕಾಯುತ್ತ ಕೂತ ಭಾನುವಾರಗಳಷ್ಟು ಹಿತವಾದ ಹೊತ್ತು ನನ್ನ ಓದಿನ ಕಾಲದಲ್ಲಿ ಬೇರೆ ಇರಲಿಲ್ಲ.

ಮದುವೆಯಾಗಿ ನಿಲಂಗಾಕ್ಕೆ ಹೋದೆ. ಕೆಲವು ವರ್ಷಗಳ ನಂತರ ನಮ್ಮವರು ಕೆಲಸಕ್ಕಿದ್ದ ಬೀಜ ಗೊಬ್ಬರದ ಅಂಗಡಿ ಮುಚ್ಚಿತು. ಉಮರ್ಗಾದಲ್ಲಿ ಸಣ್ಣದೊಂದು ಮಳಿಗೆ ಸಿಕ್ಕಿತು. ಅಲ್ಲಿ ಏನು ಮಾಡುವುದೆಂದು ಅವರು ಯೋಚಿಸುತ್ತಿದ್ದರು, ನಾನು ಯೋಚಿಸುವ ಅಗತ್ಯವೇ ಇರಲಿಲ್ಲ. ಕಾಫಿಪುಡಿ ಕಲಬುರಗಿಯಿಂದ ಬಸ್ಸಿನಲ್ಲಿ ಪಾರ್ಸಲ್ ಬರುತ್ತಿತ್ತು. ಅದನ್ನು ಇಳಿಸಿಕೊಳ್ಳುವಾಗ ಕಂಡಕ್ಟರನ ಖಾಕಿ ಅಂಗಿಯೂ ಕಾಫಿ ವಾಸನೆ ಹೊಡೆಯುತ್ತಿತ್ತು.

ನಮ್ಮವರು ಮನೆಯಲ್ಲಿ ಚಹಾ ನೋಡಿ ಬೆಳೆದವರು. ನಮ್ಮಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ಪುಡಿ, ಶುಂಠಿ ಎಲ್ಲ ಒಟ್ಟಿಗೆ ಹಾಕಿ, ಮೂರು ಓಣಿಗೆ ಕೇಳುವಂತೆ ಕುದಿಸುವುದು. ಒಮ್ಮೆ ನಾನು ಹಾಲು ತರಲು ಹೋಗಿದ್ದಾಗ ಅವರು ಅಷ್ಟೂ ಡಿಕಾಕ್ಷನ್ನನ್ನು ಪಾತ್ರೆಗೆ ಸುರಿದು, ಹಾಲು ಬೆರೆಸಿ, ದೊಡ್ಡ ಉರಿಯಲ್ಲಿ ಕೊತಕೊತ ಕುದಿಸುತ್ತ ಹೆಮ್ಮೆಯಿಂದ ನಿಂತಿದ್ದರು. ನಾನು ಕೂಗಾಡಿದೆ. "ಅಲ್ಲಾ, ಕುದೀಲಾರ್ದ ಹ್ಯಾಂಗ ಕೊಡೂದು? ಗಿರಾಕಿ ಹಸೀ ಅದ ಅಂತಾರ" ಎಂದರು. ಅವರ ಮಾತೂ ಸುಳ್ಳಲ್ಲ. ಕುದಿಯದೆ ಬಂದದ್ದನ್ನು ನಮ್ಮ ಜನ ನಂಬುವುದಿಲ್ಲ. ಆ ದಿನದ ಕಾಫಿಯನ್ನು ಗಿರಾಕಿಗಳು ಬಾಯಿ ತುಂಬ ಹೊಗಳಿ ಕುಡಿದು ಹೋದದ್ದು ನನಗೆ ಇನ್ನಷ್ಟು ಸಂಕಟದ ವಿಷಯವಾಯಿತು.

ಆದರೆ ನಿಜವಾದ ತಾಪತ್ರಯ ನೀರಿನದು. ಮಳಿಗೆಯ ಬೋರ್‌ವೆಲ್ ನೀರು ಸವಳು. ಎಷ್ಟೇ ಒಳ್ಳೆಯ ಪುಡಿ ಹಾಕಿದರೂ ಕಾಫಿ ಮಂಕಾಗಿ, ಕೊನೆಗೆ ನಾಲಗೆಯ ಮೇಲೆ ಸುಣ್ಣ ಸವರಿದಂತಾಗುತ್ತಿತ್ತು. ಇದನ್ನು ಫೋನಿನಲ್ಲಿ ಅವ್ವನ ಮುಂದೆ ಗೊಣಗಿದ್ದೆ, ಅಷ್ಟೇ. ಮರುದಿನ ಬೆಳಿಗ್ಗೆ ಷೇರ್ ಆಟೊದಿಂದ ಅಪ್ಪ ಇಳಿದ, ಕೈಯಲ್ಲಿ ದೊಡ್ಡ ಕ್ಯಾನು. ನನ್ನ ತವರು ದಾಳಿಂಬ, ಉಮರ್ಗಾಕ್ಕೆ ಹತ್ತಿರದ ಹಳ್ಳಿ. ಅಲ್ಲಿ ಅಪ್ಪನ ತೊಗರಿ ಹೊಲದ ನಡುವೆ ಒಂದು ಸಿಹಿನೀರಿನ ಬಾವಿ. ಆ ನೀರಿನಲ್ಲಿ ಮೊದಲ ಸಲ ಇಳಿದ ಡಿಕಾಕ್ಷನ್ನಿನ ಬಣ್ಣ ನೋಡಿ ನನಗೆ ಉದಗೀರದ ಭಾನುವಾರ ಕಣ್ಣಿಗೆ ಕಟ್ಟಿತು. ಲೋಟ ತುಂಬಿಸಿಕೊಂಡು ಅಪ್ಪನಿಗೆ ಕೊಡಲು ಓಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನನಗ ಬ್ಯಾಡವ್ವಾ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಮದುವೆ ಮಾಡಿಕೊಟ್ಟ ಮಗಳಿಗೆ ಮಗುವಾಗುವವರೆಗೆ ಆಕೆಯ ಮನೆಯಲ್ಲಿ ಹೆತ್ತವರು ಒಂದು ಗುಟುಕು ನೀರೂ ಕುಡಿಯಬಾರದು, ಅದು ನಮ್ಮ ಮನೆತನದ ರೀತಿ. ಅವ್ವನ ತಂದೆಯೂ ಪಾಲಿಸಿದ್ದ. ಮಗಳಿಗೆ ಎಷ್ಟು ಬೇಕಾದರೂ ಕೊಡಬಹುದು, ಅವಳಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ನನಗೆ ಮದುವೆಯಾಗಿ ವರ್ಷಗಳು ಕಳೆದಿದ್ದರೂ ಮಕ್ಕಳಾಗಿರಲಿಲ್ಲ. ಲಾತೂರಿನ ಡಾಕ್ಟರರು, ನಿಲಂಗಾದ ಹರಕೆಗಳು ಎಲ್ಲ ಮುಗಿದಿದ್ದವು. ಇನ್ನು ಆಗುವುದಿಲ್ಲವೆಂಬುದು ನನಗೂ ನಮ್ಮವರಿಗೂ ತಿಳಿದಿತ್ತು. ಅಂದರೆ ಅಪ್ಪ ನನ್ನ ಕೈಯ ಕಾಫಿಯನ್ನು ಯಾವತ್ತೂ ಕುಡಿಯುವುದಿಲ್ಲ ಎಂದೇ ಅರ್ಥ.

"ಅಪ್ಪಾ, ಇದು ಅಂಗಡಿ. ಮನಿ ಎಲ್ಲಿ ಅದ ಇಲ್ಲಿ?" ಎಂದು ವಾದ ಹೂಡಿದೆ.

"ನಿನ್ನ ಕೈ ಆಡೂ ಜಾಗಾ ಎಲ್ಲಾ ನಿನ್ನ ಮನೀನೇ" ಎಂದ.

ನನಗೆ ಅದಕ್ಕಿಂತ ಉರಿದದ್ದು ಆಮೇಲಿನದು. ಕ್ಯಾನನ್ನು ಹೊಸ್ತಿಲ ಮೇಲಿಟ್ಟವನೇ ರಸ್ತೆ ದಾಟಿ, ಎದುರಿನ ಟಪರಿಯಲ್ಲಿ ಕೂತು, ನನ್ನ ಕಣ್ಣೆದುರೇ ಚಹಾ ಕುಡಿದ! ಕಾಫಿ ಮಾರುವವಳ ತಂದೆ ಪರರ ಚಹಾ ಕುಡಿಯುತ್ತ ಕೂತಿದ್ದಾನೆ. ನಮ್ಮವರು ಮುಖ ತಿರುಗಿಸಿಕೊಂಡು ನಕ್ಕರು. ನಾನು ಆ ದಿನ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬೇಕೆಂದೇ ಸಪ್ಪಳವಾಗುವಂತೆ ಮುಚ್ಚುತ್ತಿದ್ದೆ.

ಆದರೂ ಅಪ್ಪ ಬರುವುದನ್ನು ಬಿಡಲಿಲ್ಲ. ಬಿತ್ತನೆ, ರಾಶಿಯ ದಿನಗಳಲ್ಲೂ ಹೇಗೋ ಬಿಡುವು ಮಾಡಿಕೊಂಡು, ಇಲ್ಲವೇ ಪರಿಚಯದ ಆಟೊದವನ ಕೈಲಿ, ನೀರು ಕಳಿಸುತ್ತಿದ್ದ. ತಾನೇ ಬಂದ ದಿನ ಟಪರಿಯ ಬೆಂಚಿನ ಮೇಲೆ ಕೂತು ಮೂಗೆತ್ತಿ, "ಇವತ್ತ ವಾಸನಿ ಚೊಲೋ ಬಂದದ ನೋಡವ್ವಾ" ಎಂದು ರಸ್ತೆಯ ಆಚೆಯಿಂದ ಕೂಗುತ್ತಿದ್ದ. ವಾಸನೆಗೆ ನಿಷೇಧ ಇರಲಿಲ್ಲವಂತೆ. ಆ ಕೂಗಿಗೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿ, ನಾಲ್ಕು ಜನ ಒಳಗೆ ಬರುತ್ತಿದ್ದರು. ನಿಧಾನಕ್ಕೆ ಅಂಗಡಿ ಹಿಡಿಯಿತು. ಲೋಹಾರಾದ ಬಸ್ಸಿಗೆ ಕಾಯುವ ಮಾಸ್ತರರು, ಕೋರ್ಟಿನ ವಕೀಲರು, ಲಾರಿ ನಿಲ್ಲಿಸಿ ಬರುವ ಮದ್ರಾಸಿನ ಕಡೆಯ ಡ್ರೈವರುಗಳು. ಆರೋಗ್ಯ ಗಟ್ಟಿಯಿದ್ದವರೂ ಕಾಫಿ ಕುಡಿಯತೊಡಗಿದರು.

ಅಂಥದ್ದೇ ಒಂದು ಬೆಳಿಗ್ಗೆ, ಊರಿನಲ್ಲಿ ನಮಗೆ ಬಳಕೆಯಿದ್ದ ಮನೆಯ ಹಿರಿಯಾಕೆ ಬಂದಳು. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಬಂದವರಿಗೆಲ್ಲ ನಮ್ಮ ಕಾಫಿಯನ್ನೇ ಕೊಡಬೇಕೆಂದು ಅವಳ ಮಗ ಹಿಂದಿನ ದಿನ ಹೇಳಿ ಹೋಗಿದ್ದ. ನಾನು ಖುಷಿಯಲ್ಲಿ ದೊಡ್ಡ ಫಿಲ್ಟರ್ ತೊಳೆದಿಟ್ಟಿದ್ದೆ. ಆಕೆ ಕೂರಲಿಲ್ಲ. ದನಿ ತಗ್ಗಿಸಿ, ತುಂಬ ಮೃದುವಾಗಿ ಹೇಳಿದಳು.

"ಕಾಫಿ ನಿಂದೇ ಇರ್ಲಿ ತಂಗಿ. ಆದ್ರ ನಿನ್ನ ಗಂಡನ ಕೈಲಿ ಕಳಸು. ಕೂಸಿನ ತೊಟ್ಲ ಮುಂದ ನೀ ಬರೂದು ಬ್ಯಾಡ. ತಪ್ಪ ತಿಳ್ಕೋಬ್ಯಾಡ."

ನನಗೆ ಬೈಯಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆಗ ಮಾತ್ರ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಅಪ್ಪ ಆಗಷ್ಟೇ ಬಂದು ಹೊಸ್ತಿಲಲ್ಲಿ ಕ್ಯಾನು ಇಳಿಸುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

"ಹಿಂಗ ಮಾತಾಡಬಾರದು ನೋಡ್ರಿ" ಎಂದ ಆಕೆಗೆ.

ಆಕೆ ಅವನತ್ತ ತಿರುಗಿದಳು. ಜಗಳದ ದನಿಯಲ್ಲ, ತನ್ನದೇ ಮನೆಯವರೊಡನೆ ಮಾತಾಡುವ ದನಿ. "ನೀವ್ಯಾಕ ಸಿಟ್ಟಾಗ್ತೀರಿ ಗೌಡ್ರ? ನಾ ಏನ್ ಹೊಸಾದು ಹೇಳ್ದೆ? ಹಡದ ತಂದಿ, ನೀವೇ ಆಕಿ ಮನಿ ನೀರ ಮುಟ್ಟಂಗಿಲ್ಲ. ಊರ ಮಂದಿ ದಿನಾ ನೋಡ್ತದ."

ಅಪ್ಪ ಅಲ್ಲೇ ನಿಂತ. ಅವನ ಮುಖ ನೋಡಿ ನನಗೆ ಆಕೆಯ ಮಾತಿಗಿಂತ ಹೆಚ್ಚು ನೋವಾಯಿತು. ಹಿರಿಯರ ರೀತಿಯೆಂದು, ಮಗಳ ಮೇಲಿನ ಗೌರವವೆಂದು ತಿಳಿದು ಅವನು ರಸ್ತೆಯ ಆಚೆ ಕೂತಿದ್ದ. ಊರು ಮಾತ್ರ ಅದರಲ್ಲಿ ಬೇರೆಯದನ್ನೇ ಓದಿಕೊಂಡಿತ್ತು. ಅದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿ ಒಳಗೆ ಬಂದ. ಗಿರಾಕಿಗಳ ನಡುವೆ, ಎಲ್ಲರಿಗೂ ಕಾಣುವ ಮುಂದಿನ ಬೆಂಚಿನ ಮೇಲೆ ಕೂತ. ತಲೆಯ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಂದ್ ಕಾಫಿ ಕೊಡವ್ವಾ" ಎಂದ.

ಬೆಳಗಿನ ಡಿಕಾಕ್ಷನ್ ಇನ್ನೂ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಸಣ್ಣ ಫಿಲ್ಟರಿಗೆ ಹೊಸ ಪುಡಿ ಹಾಕಿದೆ. ನೀರು ಕುದಿಸಿ ಇಳಿಸಿದೆ. ಪುಡಿ ನೆನೆದು ಉಬ್ಬಿತು, ಸುತ್ತಿ ಸುರಿದೆ, ಮುಚ್ಚಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಡಿಕಾಕ್ಷನ್ ಇಳಿಯುವವರೆಗೆ ಗಿರಾಕಿಗಳು ಯಾರೂ ಏಳಲಿಲ್ಲ, ಆ ಹಿರಿಯಾಕೆಯೂ ಹೋಗಲಿಲ್ಲ. ನಮ್ಮ ಕಡೆಯ ಎಮ್ಮೆ ಹಾಲು ಕಾಫಿಯನ್ನು ನುಂಗಿಬಿಡುತ್ತದೆಂದು ನಾನು ಆಕಳ ಹಾಲು ಇಡುತ್ತಿದ್ದೆ. ಅದನ್ನು ಒಂದೇ ಉಕ್ಕಿಗೆ ಇಳಿಸಿ, ಬೆರೆಸಿ, ನೊರೆ ಬರುವಂತೆ ಎತ್ತಿ ಹೊಯ್ದು ಅಪ್ಪನ ಮುಂದಿಟ್ಟೆ.

ಅಪ್ಪ ಬಸಿಗೆ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದ. ಹುಬ್ಬು ಗಂಟಿಕ್ಕಿತು.

"ಎಷ್ಟ್ ಕಹಿ ಅದವ್ವಾ!"

ಅಂಗಡಿ ತುಂಬ ನಗು. ನಾನೂ ನಕ್ಕೆ, ಕಣ್ಣೀರು ಬಂದದ್ದೂ ಆಗಲೇ. ಸಕ್ಕರೆ ಹಾಕಿಕೊಟ್ಟೆ. ಕೊನೆಯ ಹನಿಯವರೆಗೆ ಕುಡಿದ. ಆ ಹಿರಿಯಾಕೆ ಯಾವಾಗ ಹೊರಟಳೋ ನಾನು ಗಮನಿಸಲಿಲ್ಲ. ಆ ತೊಟ್ಟಿಲ ಕಾರ್ಯಕ್ಕೆ ನಾವು ಕಾಫಿ ಕಳಿಸಲಿಲ್ಲ.

ಈಗ ರಸ್ತೆ ಅಗಲವಾಗಿದೆ, ಟಪರಿ ಹೋಗಿದೆ, ನಮ್ಮ ಅಂಗಡಿಗೆ ನೀರು ಶುದ್ಧ ಮಾಡುವ ಯಂತ್ರ ಬಂದಿದೆ. ಕಾಲೇಜಿನ ಹುಡುಗಿಯರು ಬಂದು ಕೋಲ್ಡ್ ಕಾಫಿ ಕೇಳುತ್ತಾರೆ, ಮಾಡಿಕೊಡುತ್ತೇನೆ. ಅಪ್ಪ ತೀರಿಕೊಂಡಿದ್ದಾನೆ. ಆ ದಿನದಿಂದ ಕೊನೆಯವರೆಗೂ ಉಮರ್ಗಾಕ್ಕೆ ಬಂದಾಗಲೆಲ್ಲ ಮುಂದಿನ ಬೆಂಚಿನಲ್ಲೇ ಕೂತು ಕಾಫಿ ಕುಡಿದ. ರುಚಿ ಅವನಿಗೆ ಹಿಡಿಸಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಯಂತ್ರದ ನೀರಿನ ಕಾಫಿ ಚೆನ್ನಾಗಿಯೇ ಆಗುತ್ತದೆ. ನನಗೆ ಮಾತ್ರ ಸಾಕೆನಿಸುವುದಿಲ್ಲ.

ಅಪ್ಪ ಕಾಫಿ ಕುಡಿದ ಆ ದಿನ ಸಂಜೆ ಅವ್ವ ಫೋನ್ ಮಾಡಿದ್ದಳು. ಸುದ್ದಿ ಅಪ್ಪನಿಗಿಂತ ಮೊದಲೇ ದಾಳಿಂಬ ಮುಟ್ಟಿತ್ತು. ಅವ್ವನಿಗೆ ಹೆದರಿಕೆ. ಹಿರಿಯರು ಹಾಕಿದ ರೀತಿ, ಕೂಸಿಲ್ಲದ ಮನೆಯಲ್ಲಿ ಹ್ಯಾಂಗ ಕುಡದ್ರಿ ಎಂದು ಅಪ್ಪನೊಡನೆ ಜಗಳ ತೆಗೆದಿದ್ದಳಂತೆ.

"ಏನಂದ ಅಪ್ಪ?" ಎಂದು ಕೇಳಿದೆ.

"ಏನಂತಾನ. 'ಕೂಸಿಲ್ಲಂತ ಯಾರ್ ಹೇಳ್ಯಾರ, ನನ್ನ ಕೂಸೇ ಅದ ಆ ಮನ್ಯಾಗ' ಅಂದು ಉಣ್ಣಾಕ ಕುಂತಾನ."

 ಆ ಕಡೆಯಿಂದ ಅವ್ವ ಲೈನ್ ಕಟ್ಟಾಯಿತೆಂದು ತಿಳಿದು ಹಲೋ, ಹಲೋ ಎನ್ನುತ್ತಲೇ ಇದ್ದಳು.