ಪಿಚ್ಚೈಯಮ್ಮಾಳ್ ಬಿಟ್ಟ ನೀರು

ಚಿನ್ನಮನೂರಿನ ಪಡುವಣ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಕಾಲುವೆಯ ಬದುವಿಗೆ ಗುದ್ದಲಿ ಹಾಕುತ್ತಾಳೆ. ಎರಡು ಹೆಂಟೆ ಮಣ್ಣು ಸರಿದದ್ದೇ ನೀರು ಗದ್ದೆಗೆ ಇಳಿಯುತ್ತದೆ. "ಗೋವಿಂದಮ್ಮಾ, ನಿನ್ನ ಪಾಳಿ ಬಂತು ನೋಡು," ಎಂದು ಕೆಳಗಿನ ಗದ್ದೆಯವಳಿಗೆ ಕೂಗಿ ಹೇಳಿ ಮುಂದೆ ನಡೆಯುತ್ತಾಳೆ.

ಈಕೆ ಪಿಚ್ಚೈಯಮ್ಮಾಳ್, ಈ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ನೀರೆಂದು ನಿರ್ಧರಿಸಿ ಬಿಡುವವಳು. ಸುಗ್ಗಿಯಲ್ಲಿ ಪ್ರತಿ ಗದ್ದೆಯವರು ಕೊಡುವ ಒಂದು ಹೊರೆ ತೆನೆಯೇ ಆಕೆಯ ಕೂಲಿ.

ಮಲೆಯಾಚೆಯ ಹೊಳೆಗೆ ಅಣೆ ಕಟ್ಟಿ, ಬೆಟ್ಟ ಕೊರೆದು ನೀರನ್ನು ಕಂಬಂ ಕಣಿವೆಗೆ ತಿರುಗಿಸಿ ಮೂರು ವರ್ಷವಾಗುತ್ತ ಬಂತು. ರಾಗಿ, ಸಜ್ಜೆಯ ನೆಲದಲ್ಲಿ ಈಗ ಭತ್ತ. ಹುಲ್ಲಿನ ಮಾಡುಗಳ ನಡುವೆ ಅಲ್ಲೊಂದು ಇಲ್ಲೊಂದು ಹೆಂಚು ಕೆಂಪಗೆ ಕಾಣುತ್ತದೆ. ಸಿಂಹಳದ ತೋಟಗಳಿಗೆ ಕೂಲಿಗೆ ಹೋದವರು ಒಬ್ಬೊಬ್ಬರೇ ಮರಳುತ್ತಿದ್ದಾರೆ.

ಪಿಚ್ಚೈಯಮ್ಮಾಳ್ ಮಾತ್ರ ನನ್ನೊಡನೆ ಮಾತಾಡುವ ನಡುವೆ ತನ್ನ ಹಳೆಯ ಬಾವಿಯ ಕಡೆ ನೋಡುತ್ತಾಳೆ. ಅಲ್ಲಿ ಈಗ ಪಾರಿವಾಳಗಳು ಗೂಡು ಕಟ್ಟಿವೆ.

"ಆಗ ಕಪಿಲೆ ಇತ್ತು ಸಾಮಿ. ಅವ್ರು ಪಾಟ್ಟು ಹಾಡ್ತಾ ಎತ್ತು ಹೊಡ್ಕೊಂಡು ಇಳಿಜಾರಿನಾಗೆ ಹೋಗೋರು, ತೊಗಲಿನ ಬಾನಿ ಮ್ಯಾಕೆ ಬರೋದು. ನಾನು ಪಾತಿಗೆ ತಿರುವ್ತಿದ್ದೆ. ಅವ್ರ ಪಾಟ್ಟು ನಿಂತ್ರೆ ಎತ್ತೂ ನಿಂತ್ಕೊಳ್ಳೋವು."

'ಅವ್ರು' ಎಂದರೆ ಗಂಡ ಪೊನ್ನುಸಾಮಿ. ಹೆಸರನ್ನು ಆಕೆ ಹೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಆತ ಎತ್ತುಗಳ ಮೇಲೆ ಸುಣ್ಣ ಹೇರಿಕೊಂಡು ಅಣೆಯ ಕೆಲಸಕ್ಕೆ ಮಲೆ ಹತ್ತಿದ. ಕಾಡುಜ್ವರ ಬಂತು. ಜೊತೆಗಾರರು ಅಲ್ಲೇ ಮಣ್ಣು ಮಾಡಿ, ಎತ್ತುಗಳನ್ನು ಮಾತ್ರ ಇಳಿಸಿ ತಂದರು.

ಮಲೆಯ ನೀರು ಬಂದಾಗ ಕಾಲುವೆ ಹಾಯಬೇಕಾದದ್ದು ಆಕೆಯ ಹೊಲದ ಮೂಲಕವೇ. ಆಕೆ ಒಪ್ಪಲಿಲ್ಲ. "ಅವ್ರ ಉಸಿರು ತಗೊಂಡ ನೀರು ನನ್ನ ನೆಲ ಮುಟ್ಟಬಾರ್ದು ಅಂದೆ. ಊರಿನ ದೊಡ್ಡೋರು ಬಂದ್ರು, ಕೇಳಿದ್ರು, ಬೈದ್ರು. ನಾನು ಜಗ್ಗಲಿಲ್ಲ."

ಕೆಳಗಿನ ಗೋವಿಂದಮ್ಮಾಳ್ ಕೇಳಲೂ ಇಲ್ಲ, ಬೈಯಲೂ ಇಲ್ಲ. ನೀರು ಬಂದೇ ಬರುತ್ತದೆಂದು ನಂಬಿ ಭತ್ತದ ಸಸಿ ಹಾಕಿದ್ದಳು. ಅದು ಹಳದಿಗೆ ತಿರುಗಿತು. ಒಂದು ಬೆಳಗ್ಗೆ ಪಿಚ್ಚೈಯಮ್ಮಾಳ್ ನೋಡುತ್ತಾಳೆ: ತುಂಬು ಬಸುರಿ ಗೋವಿಂದಮ್ಮಾಳ್ ದೂರದಿಂದ ಕೊಡದಲ್ಲಿ ನೀರು ಹೊತ್ತು ತಂದು ಸಸಿಗೆ ಚಿಮುಕಿಸುತ್ತಿದ್ದಾಳೆ.

"ಹೋಗಿ ಕೊಡ ಇಳ್ಸಿದೆ. 'ಯಾಕಮ್ಮಾ, ನನ್ನನ್ನ ಒಂದು ಮಾತು ಕೇಳಬಾರ್ದಾ' ಅಂದೆ. 'ನಿನ್ನ ಮೊಗ ನೋಡಿ ಕೇಳೋಕೆ ಆಗ್ಲಿಲ್ಲಕ್ಕಾ' ಅಂದ್ಲು. ಅಷ್ಟೇ ಸಾಮಿ. ಮನೆಗೆ ಬಂದು ಗುದ್ದಲಿ ತಗೊಂಡೆ."

ಕಾಲುವೆಗಾಗಿ ತನ್ನ ಹೊಲವನ್ನು ತಾನೇ ಕಡಿದಳು. ನೋಡಿದವರು ಒಬ್ಬೊಬ್ಬರಾಗಿ ಬಂದು ಕೈಜೋಡಿಸಿದರು. ಬದು ಒಡೆದಾಗ ಮೊದಲ ನೀರು ಆಕೆಯ ಕಾಲಿಗೇ ಬಂತು. "ಜಿಲ್ಲಂತ ಇತ್ತು. ಅವ್ರು ಇರೋ ಕಡೆಯಿಂದ ಬಂದದ್ದಲ್ವಾ, ಅದ್ರಾಗೇ ನಿಂತ್ಕೊಂಡೆ."

ಮರುವರ್ಷ ನೀರಿನ ಪಾಳಿಗೆ ಜಗಳವೆದ್ದಾಗ, ನೆಲ ಬಿಟ್ಟುಕೊಟ್ಟವಳೇ ನೀರು ಹಂಚಲಿ ಎಂದು ಎಲ್ಲರೂ ಒಪ್ಪಿದರು. ಅಂದಿನಿಂದ ಈ ಕಾಲುವೆಯಲ್ಲಿ ಜಗಳವಿಲ್ಲ.

ಇನ್ನೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಆಕೆ ಕಾಲಿನ ಕೆಸರು ತೊಳೆಯುತ್ತಾಳೆ.

"ಅವ್ರು ರಾಗಿಕಳಿ ಉಂಡ್ಕೊಂಡು ಮಲೆ ಹತ್ತಿದೋರು. ನಮ್ಮ ನೆಲದ ಅಕ್ಕಿ ನೋಡಲೇ ಇಲ್ಲ. ಈ ಸುಗ್ಗಿ ಆದ್ಮೇಲೆ ಮ್ಯಾಕೆ ಹೋಗಿ, ಅವ್ರು ಮಲಗಿರೋ ಕಡೆ ಮೂರು ಕಲ್ಲು ಹೂಡಿ ಒಂದು ಹಿಡಿ ಅನ್ನ ಮಾಡಿ ಬಡಿಸ್ಬೇಕು."