ಒಳಗಿನ ಹಾಳೆ

ಮೊನ್ನೆ ನನ್ನ ಭಾವನ ಮಗಳು ರೂಪಾ ಫೋನನ್ನು ನನ್ನ ಮೂಗಿನ ತನಕ ತಂದು ಹಿಡಿದಳು. "ಕಾಕು, ಈ ವಿಡಿಯೋ ನೋಡ್ರಿ. ಸೂಜಿ ಹಾಕ್ಸಿದ ಕೂಸು ಹೆಂಗ ಆಗೇತಿ! ನಾಳೆ ನಮ್ಮ ಕೂಸಿಗೆ ಹಾಕ್ಸೂದೋ ಬ್ಯಾಡೋ?" ಎಂದಳು.

ಯಾರನ್ನು ಕೇಳಿದಳು ನೋಡಿ! ನನ್ನ ಯೋಗ್ಯತೆ ನಿಮಗಾದರೂ ತಿಳಿದಿರಲಿ.

ನಾನು ಬೇಡಗ ಹಳ್ಳಿಯಿಂದ ಸಾಂಗಲಿಗೆ ಸೊಸೆಯಾಗಿ ಬಂದಾಗ ನಮ್ಮ ವಿಶ್ರಾಮಬಾಗ ಬಡಾವಣೆಯಲ್ಲಿ ದಿನಕ್ಕೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಮನೆಮನೆಗೆ ಕೇಬಲ್ ಬಂದಿತ್ತು. ನಮ್ಮಲ್ಲಿ ಮಾತ್ರ ಸುದ್ದಿಯೆಂದರೆ ಮರಾಠಿ ಪೇಪರು, ಅದೂ ಅರ್ಧ. ಅರಿಷಿಣದ ವ್ಯಾಪಾರಿಯಾದ ಮಾವನವರು ಬಜಾರದ ದರವಿದ್ದ ಒಳಗಿನ ಹಾಳೆಯನ್ನು ಬೆಳಿಗ್ಗೆಯೇ ಎಳೆದುಕೊಂಡು ಅಂಗಡಿಗೆ ಹೋಗುತ್ತಿದ್ದರು. ಹೊರಗಿನದು ಹೆಂಗಸರ ಪಾಲು. ಮರಾಠಿ ಓದಲು ಬಾರದ ಅವರಿಗೆ ಮಧ್ಯಾಹ್ನ ಅದನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ಅಡಿಗೆ ಅಷ್ಟಕ್ಕಷ್ಟೇ ಆಗಿದ್ದ ನನಗೆ ಆ ಮನೆಯಲ್ಲಿ ಇದ್ದ ಮರ್ಯಾದೆ ಅದೊಂದೇ.

ಒಂದು ದಿನ, ಪೋಲಿಯೋ ಡೋಸ್ ಕುಡಿದ ಮಗು ಸತ್ತಿತೆಂಬ ಸುದ್ದಿ ಬಂತು. ಉಪ್ಪು ಖಾರ ಹಚ್ಚಿಯೇ ಓದಿದೆ. ರೂಪಾ ಆಗ ಎಂಟು ತಿಂಗಳ ಕೂಸು. ಅವಳ ತಾಯಿ, ನನ್ನ ನೆಗೆಣ್ಣಿ, ಅವಳನ್ನು ಎದೆಗೆ ಅವಚಿಕೊಂಡು "ನಮ್ಮ ಕೂಸಿಗೆ ಬ್ಯಾಡವಾ" ಎಂದಳು. ಸಂಜೆಗೆ ಅದೇ ಸುದ್ದಿ ಓಣಿ ಸುತ್ತಿ, ಒಂದು ಕೂಸು ಮೂರಾಗಿ, ನನ್ನ ಹತ್ತಿರವೇ ವಾಪಸು ಬಂದಾಗ ನಾನೂ ಹೆದರಿದೆ!

ನರ್ಸಬಾಯಿ ಬಾಗಿಲಿಗೆ ಬಂದು "ಬಾಳಾಲಾ ಡೋಸ್ ದಿಲಾ ಕಾ?" ಎಂದು, ಕೂಸಿಗೆ ಡೋಸ್ ಕೊಟ್ಟಿರಾ ಎಂದು ಮರಾಠಿಯಲ್ಲಿ ಕೇಳಿದಾಗ, ಮಿರಜ ಸ್ಟೇಷನ್ನಿನಲ್ಲೇ ಹಾಕಿಸಿದ್ದೇವೆ ಎಂದು ಸುಳ್ಳು ಹೇಳಿದವಳು ನಾನು.

ದೀಪಾವಳಿಗೆ ಡಬ್ಬಿ ತೊಳೆಯುವಾಗ ಅವುಗಳ ಕೆಳಗೆ ಹಾಸಿದ್ದ, ಮಾವನವರು ಅಂಗಡಿಯಿಂದ ವಾಪಸು ತಂದಿದ್ದ ಆ ದಿನದ ಒಳಗಿನ ಹಾಳೆ ಸಿಕ್ಕಿತು. ಸುದ್ದಿಯ ಉಳಿದ ಭಾಗ ಅಲ್ಲಿತ್ತು. ಆ ಮಗುವಿಗೆ ಮೊದಲೇ ಮಿದುಳು ಜ್ವರವಿತ್ತು, ಸಾವಿಗೆ ಡೋಸ್ ಕಾರಣವಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನೂ ಓದಿ ಹೇಳಬೇಕಿತ್ತು. ನನ್ನ ಮರ್ಯಾದೆ ಹೋದೀತೆಂದು ಬಚ್ಚಲ ಒಲೆಗೆ ಹಾಕಿಬಿಟ್ಟೆ. ರೂಪಾ ಗೋಡೆ ಹಿಡಿದು ನಡೆಯುವ ತನಕ ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಅಂಥ ಭಯ ಶತ್ರುವಿಗೂ ಬೇಡ.

ಇದನ್ನೆಲ್ಲ ಮೊನ್ನೆ ಮೊದಲ ಸಲ ಅವಳಿಗೆ ಹೇಳಿದೆ. ಬೈದಾಳು ಎಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು. "ಹಂಗಂದ್ರ ನಾ ಡೋಸ್ ಇಲ್ದನ ಗಟ್ಟಿಮುಟ್ಟಿ ಬೆಳದೇನಿ! ಮತ್ತ ಇಕಿಗ್ಯಾಕ ಸೂಜಿ?"

"ಊರಾಗಿನ ಉಳದ ಕೂಸುಗೋಳು ಕುಡದಿದ್ದುವು. ಅದಕ್ಕ ರೋಗ ಹಬ್ಬಲಿಲ್ಲ, ನೀ ಉಳದಿ."

"ಅದನ್ನ ಯಾವ ಪೇಪರಿನ್ಯಾಗ ಓದೀರಿ, ಕಾಕು?"

ಈಗ ನಿಜ ಹೇಳಿದರೆ ಇವಳು ನಂಬುತ್ತಿಲ್ಲ. ಸುಳ್ಳು ಹೇಳಿದಾಗ ನರ್ಸಬಾಯಿ ಕೂಡ ನಂಬಿದ್ದಳಲ್ಲ!

ನಿನ್ನೆ ಬೆಳಿಗ್ಗೆ ಕರೆಯದೆಯೇ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಅವಳು ಕೂಸಿಗೆ ಟೊಪ್ಪಿಗೆ ಕಟ್ಟುತ್ತಿದ್ದಳು. ದವಾಖಾನೆಗೋ, ಸುಮ್ಮನೆ ಬಿಸಿಲಿಗೋ, ತಿಳಿಯಲಿಲ್ಲ. "ದವಾಖಾನಿಗೆ ನಡಿ, ಕೂಸನ್ನ ನಾ ಎತ್ಕೋತೇನಿ" ಎಂದು ಕೈ ಚಾಚಿದೆ. ಅವಳು ಟೊಪ್ಪಿಗೆಯ ದಾರ ಬಿಗಿದು, ಕೂಸನ್ನು ನನಗೆ ಕೊಟ್ಟು, ಚಪ್ಪಲಿ ಮೆಟ್ಟಿದಳು.