ದೊರೆಸಾನಿಯ ಜೊತೆ ಬಿಂಡಿಗನವಿಲೆಗೆ

ಈ ಎರಡು ದಿನಗಳ ಪ್ರಯಾಣವನ್ನು ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಕೂತಾಗಲೆಲ್ಲ ಏನೋ ಒಂದು ನೆಪ. ಕಣ್ಣು ಮಂಜು, ಕೈ ನಡುಕ, ನಾಳೆ ಬರೆದರಾಯಿತು. ಈಗ ನಿಜವಾಗಿಯೂ ಕಣ್ಣು ಮಂಜಾಗಿದೆ, ಕೈ ನಡುಗುತ್ತಿದೆ. ಇನ್ನು ಮುಂದಕ್ಕೆ ಹಾಕಿದರೆ ಹೇಳುವವನೇ ಇರುವುದಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರೈಲ್ವೆಯ ಟಿಕೆಟ್ ಗುಮಾಸ್ತಿಕೆಯಿಂದ ನಿವೃತ್ತನಾಗಿ ಶ್ರೀರಂಗಪಟ್ಟಣದಲ್ಲಿದ್ದೆ. ಹೈಸ್ಕೂಲಿನವರೆಗೆ ಓದಿದವನಾದರೂ ಕೆಲಸದಲ್ಲಿ ಇಂಗ್ಲಿಷ್ ರೂಢಿಯಾಗಿತ್ತು. ಕೋಟೆ ನೋಡಲು ಬರುವ ವಿದೇಶಿಯರಿಗೆ ಆಗಾಗ ದುಭಾಷಿಯಾಗಿ ಹೋಗುತ್ತಿದ್ದೆ. ಹಾಗೆ ಸಿಕ್ಕಿದವರು ಮಾರ್ಗರೆಟ್. ಅರವತ್ತರ ಆಸುಪಾಸಿನ ಹೆಂಗಸು, ಬಿಳಿಯ ಕೂದಲು, ಕ್ಯಾನ್ವಾಸ್ ಬೂಟು. ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನವರು. ಮದುವೆಯಾಗಿರಲಿಲ್ಲ; ಮನೆತನದಲ್ಲಿ ತಾನೊಬ್ಬಳೇ ಉಳಿದಿದ್ದೇನೆ ಎಂದರು.

ಆಕೆ ತನ್ನ ಮುತ್ತಜ್ಜನನ್ನು ಹುಡುಕುತ್ತಿದ್ದರು. ಥಾಮಸ್ ಎಂಬುವನು. ಎಳೆಯ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಮೈಸೂರು ಸೀಮೆಗೆ ಕಾಲುವೆ ಕೆಲಸದ ಮೇಸ್ತ್ರಿಯಾಗಿ ಬಂದವನು. ಇಂಗ್ಲೆಂಡಿನ ಚರ್ಚುಗಳ ಪುಸ್ತಕ, ಹಳೆಯ ಕಡತಗಳ ಕಚೇರಿ ಎಲ್ಲವನ್ನೂ ಆಕೆ ವರ್ಷಗಟ್ಟಲೆ ಜಾಲಾಡಿದ್ದರು. "ಹುಟ್ಟಿದ್ದು ಬರೆದಿದ್ದಾರೆ, ಮದುವೆ ಬರೆದಿದ್ದಾರೆ. ಸತ್ತದ್ದು ಎಲ್ಲಿಯೂ ಇಲ್ಲ. ಮನುಷ್ಯ ಎಲ್ಲಾದರೂ ಒಂದು ಕಡೆ ಮುಗಿಯಲೇಬೇಕಲ್ಲ?" ಎಂದರು. ಅವನ ಹೆಸರಿನ ಮುಂದೆ ಕೊನೆಯದಾಗಿ ಇದ್ದ ಊರು ಫ್ರೆಂಚ್ ರಾಕ್ಸ್. ಈಗಿನ ಯಾವ ನಕಾಶೆಯಲ್ಲೂ ಅದು ಸಿಕ್ಕಿರಲಿಲ್ಲ.

ನನಗೆ ನಗು ಬಂತು. "ಅಮ್ಮಾ, ಅದು ಇಲ್ಲೇ ಹತ್ತು ಕಿಲೋಮೀಟರು. ಈಗ ಪಾಂಡವಪುರ ಅನ್ನುತ್ತಾರೆ" ಎಂದೆ. ಆಕೆ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಮಾರನೆಯ ಬೆಳಿಗ್ಗೆ ಮರಿಗೌಡನ ಅಂಬಾಸಿಡರಿನಲ್ಲಿ ಹೊರಟೆವು. ಕಿಲೋಮೀಟರಿಗೆ ಮೂರು ರೂಪಾಯಿ, ಅವನ ಊಟ ನಮ್ಮದು. ಮಾಗಿಯ ಚಳಿ, ಆಲೆಮನೆಗಳ ಹೊಗೆ ಗದ್ದೆಯ ಮೇಲೆ ತೆಳ್ಳಗೆ ಹರಡಿತ್ತು. ಪಾಂಡವಪುರದ ಹಳೆಯ ಸಮಾಧಿಗಳ ನಡುವೆ ಮಾರ್ಗರೆಟ್ ಮಧ್ಯಾಹ್ನದವರೆಗೂ ಮಂಡಿಯೂರಿ ಪಾಚಿ ಕೆರೆದರು. ಥಾಮಸ್ ಸಿಗಲಿಲ್ಲ. ಮರಿಗೌಡ ಬೀಡಿ ಹಚ್ಚಿ, "ಸಾಮಿ, ನಮ್ಮಪ್ಪನ ಗುಡ್ಡೆ ಎಲ್ಲದೆ ಅಂತ ನಂಗೇ ಗೊತ್ತಿಲ್ಲ. ಈವಮ್ಮ ಮುತ್ತಜ್ಜನ್ನ ಉಡುಕ್ಕೊಂಡು ಸಮುದ್ರ ದಾಟ್ಕೊಂಡ್ ಬಂದವ್ಳಲ್ಲ" ಎಂದ.

ಸುತ್ತಲಿನ ಊರುಗಳಲ್ಲೂ ಹುಡುಕೋಣವೆಂದು ಆಕೆ ಅಂದದ್ದರಿಂದ ಆ ರಾತ್ರಿ ಕೆ.ಆರ್. ಪೇಟೆಯ ಪ್ರವಾಸಿ ಮಂದಿರದಲ್ಲಿ ತಂಗಿದೆವು. ಬೆಳಿಗ್ಗೆ ಹೊಸಹೊಳಲಿನ ದೇವಸ್ಥಾನಕ್ಕೆ ಹೋದಾಗ ಅರ್ಚಕರು ಅರ್ಚನೆಗೆಂದು ಆಕೆಯ ಹೆಸರು ಕೇಳಿದರು, ಆಮೇಲೆ ಗೋತ್ರ ಕೇಳಿದರು. ಗೋತ್ರವೆಂದರೇನು ಎಂದು ಆಕೆ ನನ್ನನ್ನು ಕೇಳಿದರು. ವಂಶದ ಮೂಲಪುರುಷ ಯಾರು ಎಂದು ಕೇಳುತ್ತಿದ್ದಾರೆ ಎಂದೆ. "ಅದು ಗೊತ್ತಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ?" ಎಂದು ಗಟ್ಟಿಯಾಗಿ ನಕ್ಕರು. ಅರ್ಚಕರು ತಾವೇ ಒಂದು ಗೋತ್ರ ಹೇಳಿ ಮಂಗಳಾರತಿ ಮುಗಿಸಿದರು.

ನಾಗಮಂಗಲದ ದಾರಿಯಲ್ಲಿ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ಮರಿಗೌಡ ಹಾರನ್ ಒತ್ತಿ ಸುಸ್ತಾಗಿ ಎಂಜಿನ್ ನಿಲ್ಲಿಸಿದ. ಮಾರ್ಗರೆಟ್ ಕಿಟಕಿಯಿಂದ ತಲೆ ಹೊರಹಾಕಿ, ಬೆರಳು ತೋರಿಸುತ್ತಾ ಕುರಿ ಎಣಿಸತೊಡಗಿದರು. "ಯಾನ್, ಟ್ಯಾನ್, ಟೆದರ, ಮೆದರ, ಪಿಪ್."

ನಾನು ಥಟ್ಟನೆ ಆಕೆಯ ಕಡೆ ತಿರುಗಿದೆ. ಆಕೆ ವಿವರಿಸಿದರು: ಇದು ಇಂಗ್ಲಿಷಿನ ಎಣಿಕೆಯಲ್ಲ, ನಮ್ಮ ಗುಡ್ಡಗಳ ಕುರುಬರು ಕುರಿಗೆಂದೇ ಇಟ್ಟುಕೊಂಡಿದ್ದ ಎಣಿಕೆ, ನನ್ನ ತಾತ ಹೀಗೇ ಎಣಿಸುತ್ತಿದ್ದ. ನಾನು ತಲೆಯಾಡಿಸಿದೆ.

ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ನಮ್ಮಪ್ಪನ ಅಕ್ಕ. ಸ್ನಾನ ಮಾಡಿಸುವಾಗ ನನ್ನ ಕಾಲ್ಬೆರಳು ಒಂದೊಂದನ್ನೇ ಹಿಡಿದು ಅವಳು ಅನ್ನುತ್ತಿದ್ದಳು: "ಯಾನಿ, ತಾನಿ, ತೆದರ, ಮೆದರ, ಪಿಪ್ಪ." ಸಂಜೆ ಕುರಿಗಳನ್ನು ದೊಡ್ಡಿಗೆ ಬಿಡುವಾಗಲೂ ಅದೇ ಎಣಿಕೆ. ಮಕ್ಕಳ ಮಾತು ಎಂದುಕೊಂಡಿದ್ದೆ. ಅತ್ತೆಯ ಕಣ್ಣು ಬೆಕ್ಕಿನ ಕಣ್ಣು. ತನ್ನಜ್ಜಿಯ ಅಪ್ಪ ತಾಮಸ ದೊರೆ ಎಂಬ ಬಿಳಿಯ, ಅವನು ಕಾಲುವೆ ಕಟ್ಟಿಸಿದ, ನಮ್ಮ ಜನದವಳನ್ನೇ ಕಟ್ಟಿಕೊಂಡು ಇಲ್ಲೇ ಮಣ್ಣಾದ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಮನೆಯ ಗಂಡಸರು ಗದರುತ್ತಿದ್ದರು. ದೊಡ್ಡವನಾದ ಮೇಲೆ ನಾನೂ ಗದರಿದೆ; ಥಾಮಸ್ ಎಂದು ಕೇಳಿದಾಗಲೂ ಅದು ಅತ್ತೆಯ ತಾಮಸ ದೊರೆ ಎಂದು ನನಗೆ ಹೊಳೆದಿರಲಿಲ್ಲ.

ಆಕೆ ಹುಡುಕುತ್ತಿದ್ದ ಮುತ್ತಜ್ಜ ನನಗೂ ಹಿರಿಯನೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಾಗಮಂಗಲದ ಒಂದು ಮನೆಯಲ್ಲಿ ನನ್ನ ಕಿರಿಮಗಳ ಸಂಬಂಧ ಮಾತಾಗುತ್ತಿತ್ತು. ಗಂಡಿನ ಕಡೆಯವರು ನಮ್ಮ ಕುಲವನ್ನು ಕೆದಕಿ ಕೆದಕಿ ವಿಚಾರಿಸುತ್ತಿದ್ದರು. ಮುದುಕಿ ಆಡುವುದು ಬರೀ ಹರಟೆ. ಇಂಗ್ಲೆಂಡಿನಿಂದ ಒಬ್ಬಳು ಬಂದು ಹೌದು ಎಂದರೆ ಅದು ಚರಿತ್ರೆಯಾಗುತ್ತದೆ.

ನಾಗಮಂಗಲದ ಹೋಟೆಲಿನಲ್ಲಿ ಮುದ್ದೆ ಉಣ್ಣುತ್ತಾ ಮರಿಗೌಡ ತಾನಾಗಿ ಬಾಯಿ ಬಿಟ್ಟ. "ಸಾಮಿ, ಬಿಂಡಿಗನವಿಲೆ ತಾವು ಒಬ್ಳು ಮುದ್ಕಿ ಅವ್ಳಂತೆ. ಬೆಕ್ಕಿನ್ ಕಣ್ಣಿ ಅಂತಾರೆ. ನಮ್ಮಜ್ಜಿ ಅಪ್ಪ ದೊರೆ ಅಂತ ಸಂತೇಲೆಲ್ಲ ಯೋಳ್ಕೊಂಡ್ ತಿರುಗ್ತಾಳಂತೆ."

"ಸುಮ್ನೆ ಉಣ್ಣಯ್ಯ" ಎಂದೆ. ಆದರೆ ಎರಡು ದಿನ ದೊರೆಸಾನಿ ಎನ್ನಿಸಿಕೊಂಡ ಮಾರ್ಗರೆಟ್‌ಗೆ ಆ ಹೊತ್ತಿಗೆ 'ದೊರೆ' ಎಂಬ ಮಾತು ಗೊತ್ತಾಗಿಬಿಟ್ಟಿತ್ತು. ಕೈಲಿದ್ದ ಬಾಳೆಹಣ್ಣನ್ನು ಕೆಳಗಿಟ್ಟು, "ದೊರೆ ಎಂದರಲ್ಲವೇ? ಎಲ್ಲಿ?" ಎಂದು ಎದ್ದೇಬಿಟ್ಟರು. ಮರಿಗೌಡ ದಾರಿಯ ಕಡೆ ಕೈ ತೋರಿಸಿಬಿಟ್ಟ.

ಬಿಂಡಿಗನವಿಲೆ ದಾಟಿದ ಮೇಲೆ ಮಣ್ಣುರಸ್ತೆ. ಒಣ ಹುರುಳಿ ಹೊಲಗಳು. ಅತ್ತೆ ಜಗಲಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ನಾನು ಅವಳನ್ನು ನೋಡದೆ ಮೂರು ವರ್ಷವಾಗಿತ್ತು.

"ಬಂದ್ಯೇನ್ಲಾ ಕೂಸೇ! ದಾರಿ ತಪ್ಪಿ ಬಂದ್ಬುಟ್ಯಾ?"

ಮರಿಗೌಡ ಕಣ್ಣರಳಿಸಿದ. "ಓ, ನಿಮ್ಮೋರೇಯಾ ಸಾಮಿ?"

"ದೂರದ ಸಂಬಂಧ. ಅರಳು ಮರಳು" ಎಂದೆ. ಅತ್ತೆಗೆ ಕೇಳಿಸಿತೋ ಇಲ್ಲವೋ, ಅವಳು ಮಾರ್ಗರೆಟ್ ಮುಖವನ್ನೇ ನೋಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಬಂದು ಸುತ್ತ ನಿಂತರು.

"ಇವ್ಳ ಕಣ್ಣು ನೋಡ್ಲಾ. ನಂದೇ ಇದ್ದಂಗಿಲ್ವಾ? ಯಾರ್ಲಾ ಇವ್ಳು?"

"ಯಾರೋ ದೊರೆಸಾನಿ. ಅವಳ ಮುತ್ತಜ್ಜನ್ನ ಹುಡುಕ್ತಾವ್ಳೆ."

ಅತ್ತೆಯ ಕೈಯಿಂದ ಉಣ್ಣೆ ಜಾರಿತು. ಮಾರ್ಗರೆಟ್ ಕೈಗೆ ಕೈ ಚಾಚಿ, ಮುಟ್ಟುವ ಮುಂಚೆ ತಡೆದುಕೊಂಡಳು. ನನ್ನ ಕಡೆ ತಿರುಗಿ, ಪರೀಕ್ಷೆ ಮಾಡುವವಳಂತೆ ಹೇಳಿದಳು: "ಕುರಿ ಎಣ್ಸಾಕೆ ಬತ್ತದಾ ಅಂತ ಕೇಳ್ಲಾ. ತಾಮಸ್ ದೊರೆ ಕಡೇರಾದ್ರೆ ಬರ್ಲೇಬೇಕು. ನಾ ಬಾಯ್ಬುಡಾಕಿಲ್ಲ, ಅವ್ಳೇ ಎಣುಸ್ಲಿ."

ಮಾರ್ಗರೆಟ್ ನನ್ನ ಬಾಯಿಯನ್ನೇ ಕಾಯುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ: "ಆಯಾಸವಾಗಿರಬೇಕು ನಿಮಗೆ. ಹೊರಡೋಣವೇ?"

ಆಕೆ ಜೋರಾಗಿ ತಲೆ ಅಲ್ಲಾಡಿಸಿದರು. ಬೇಡ, ಇನ್ನೂ ಬೇಡ ಎಂದು. ಆಕೆ ಹಾಗೆಯೇ ಮಾಡುತ್ತಾರೆಂದು ನನಗೆ ಗೊತ್ತಿತ್ತು.

"ಬರಲ್ವಂತೆ ಅತ್ತೆ" ಎಂದೆ.

ಮರಿಗೌಡ ಹೋ ಎಂದು ನಕ್ಕ. "ನೋಡ್ದಾ ಅಜ್ಜಿ? ದೊರೆಸಾನಿಯೇ ಒಪ್ನಿಲ್ಲ. ಇನ್ಮ್ಯಾಕೆ ಸಂತೇಲಿ ಯೋಳ್ಬ್ಯಾಡ." ಹೆಂಗಸರೂ ನಕ್ಕರು.

ಅತ್ತೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು. "ಅಂಗಾರೆ ನಮ್ಮೋಳಲ್ಲ ಬುಡು" ಎಂದಳು. ಆಮೇಲೆ ನನ್ನನ್ನು, "ಉಂಡ್ಯಾ ಮಗಾ?" ಎಂದು ಕೇಳಿದಳು.

"ಏನು ಹೇಳಿದರು?" ಎಂದರು ಮಾರ್ಗರೆಟ್. ಊರಿನವರು ತಮಾಷೆಗೆ ಕಟ್ಟಿದ ಕಥೆ, ಈಕೆಗೆ ಏನೂ ಗೊತ್ತಿಲ್ಲವಂತೆ ಎಂದೆ. ಕಾರು ಹೊರಟಾಗ ಆಕೆ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದರು. "ವಿಚಿತ್ರ. ನನ್ನ ಅಪ್ಪನ ತಂಗಿ ಕೂತ ಹಾಗೆಯೇ ಕೂತಿದ್ದಾರೆ" ಎಂದರು. ನಾನು ತಿರುಗಿ ನೋಡಲಿಲ್ಲ. ಸಂಜೆ ಶ್ರೀರಂಗಪಟ್ಟಣದಲ್ಲಿ ಬೆಂಗಳೂರಿನ ರೈಲು ಹತ್ತಿಸಿದೆ. ನನ್ನ ವಿಳಾಸ ಬರೆದುಕೊಂಡು, ತಮ್ಮದನ್ನು ಕೊಟ್ಟು ಹೋದರು.

ಮಗಳ ಮದುವೆ ನಾಗಮಂಗಲದಲ್ಲೇ ಆಯಿತು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ತಿಥಿಗೆ ಹೋದಾಗ ನೆರೆಮನೆಯವಳು ಕುರಿದೊಡ್ಡಿಯ ಬಾಗಿಲು ಎಳೆಯುತ್ತಾ ಹೇಳಿದಳು: "ದೊರೆಸಾನಿ ಬಂದೋದ್ಮ್ಯಾಕೆ ಅಜ್ಜಿ ಆ ತೆದರ ಮೆದರ ಬುಟ್ಬುಟ್ಟಿತ್ತು ಕಣಣ್ಣೋ. ನಮ್ಮಂಗೇ ಒಂದು, ಎರ್ಡು ಅಂತ ಎಣ್ಸದು. ನಡ್ವೆ ತಪ್ಪೋದು, ಮತ್ತೆ ಮೊದ್ಲಿಂದ ಶುರು ಮಾಡೋದು."

ಕಳೆದ ವರ್ಷ ಮಾರ್ಗರೆಟ್‌ಗೆ ಎಲ್ಲವನ್ನೂ ಬರೆದೆ. ಬೈಗುಳ ಬರಬಹುದು, ಇಲ್ಲವೇ ಏನೂ ಬಾರದೆ ಇರಬಹುದು ಎಂದುಕೊಂಡಿದ್ದೆ. ಎರಡೇ ಸಾಲಿನ ಉತ್ತರ ಬಂತು. ವಂಶವೃಕ್ಷದಲ್ಲಿ ಥಾಮಸನ ಮುಂದೆ ಖಾಲಿ ಬಿಟ್ಟಿದ್ದ ಜಾಗವನ್ನು ತುಂಬುತ್ತಿದ್ದೇನೆ, ಅಂದು ಜಗಲಿಯ ಮೇಲೆ ಕೂತಿದ್ದವರ ಹೆಸರೇನು, ಕಾಗುಣಿತ ತಪ್ಪದಂತೆ ತಿಳಿಸಿ, ಎಂದಿತ್ತು.

ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದು, ಆಕೆಗೆ ಓದಲು ಬಾರದಿದ್ದರೂ ಕೆಳಗೆ ಕನ್ನಡದಲ್ಲೂ ಬರೆದೆ. ಊರೆಲ್ಲ ಬೆಕ್ಕಿನ ಕಣ್ಣಿ ಎಂದು ಕರೆದ, ಅವಳು ಬದುಕಿದ್ದಾಗ ನಾನು ತಪ್ಪಾಯಿತೆಂದು ಕೇಳಿಕೊಳ್ಳದ ನನ್ನತ್ತೆಯ ಹೆಸರು ಜವರಮ್ಮ.